ನಿಮ್ಮ ಕೈಯೇ ಸರಿಯಿಲ್ಲ ಸಾರ್

ಗಾಳಿ ಇಲ್ಲ. ಮೋಡ ಇಲ್ಲ. ಹವಾಮಾನವನ್ನು ನಾನೇ ಪಟ್ಟಿಯಿಂದ ಆರಿಸಿದ್ದೇನೆ, ಶುಭ್ರ ಆಕಾಶ. ಪರದೆಯ ಮೇಲೆ ಸೆಸ್ನಾ 172 ಜಕ್ಕೂರಿನ ರನ್‌ವೇ ಕಡೆಗೆ ನೆಟ್ಟಗೆ ಇಳಿಯುತ್ತಿದೆ. ಇದ್ದಕ್ಕಿದ್ದಂತೆ ಎಡ ರೆಕ್ಕೆ ನೆಲದ ಕಡೆ ಬಾಗುತ್ತದೆ. ನನ್ನ ಕೈ ಅಲ್ಲಾಡಿಲ್ಲ. ಜಾಯ್‌ಸ್ಟಿಕ್ಕೂ ಅಲ್ಲಾಡಿಲ್ಲ. ಆದರೆ ಕಂಪ್ಯೂಟರಿಗೆ ಯಾರೋ ಚಾಡಿ ಹೇಳಿದ್ದಾರೆ, ಇವನು ಕಡ್ಡಿಯನ್ನು ಪೂರ್ತಿ ಎಡಕ್ಕೆ ಎಳೆದಿದ್ದಾನೆ ಅಂತ.

ಹೇಳಿದ್ದು ಯಾರು? ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುವವರು ಬೇಕಾದಷ್ಟಿದ್ದಾರೆ.

ಮೊದಲನೆಯವರು ಡಬ್ಬಿಯ ಮೇಲೆ ಬರೆದವರು. ಡಬ್ಬಿ ತುಂಬ ಫೈಟರ್ ಜೆಟ್. ಹಿಂದೆ ಬೆಂಕಿ, ಪಕ್ಕದಲ್ಲಿ ಹೊಗೆ. ‘ನಿಖರ ನಿಯಂತ್ರಣ’, ‘ವೃತ್ತಿಪರ ಅನುಭವ’, ‘ಪ್ಲಗ್ ಅಂಡ್ ಪ್ಲೇ’. ಒಳಗಡೆ ಇರುವುದು ಒಂದು ಸ್ಪ್ರಿಂಗು, ಒಂದಿಷ್ಟು ಸ್ಕ್ರೂ, ಒಂದು ಚಿಪ್ಪು. ಮತ್ತೆ ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಕೆಳಗೆ ಕೂತಿರುತ್ತಿದ್ದ ಅದೇ ಪೊಟೆನ್ಶಿಯೋಮೀಟರ್. ಅಂಗಡಿಯವರ ಬಾಯಲ್ಲಿ ಪಾಟ್.

ಪಾಟ್ ಏನೂ ಬ್ರಹ್ಮವಿದ್ಯೆಯಲ್ಲ. ತುಸು ಬಾಯಿ ಬಿಟ್ಟ ಬಳೆಯ ಆಕಾರದ ಇಂಗಾಲದ ಪಟ್ಟಿ. ಒಂದು ತುದಿಗೆ ವಿದ್ಯುತ್, ಇನ್ನೊಂದು ತುದಿಗೆ ಗ್ರೌಂಡ್. ನಡುವೆ ಉಜ್ಜಿಕೊಂಡು ಓಡಾಡುವ ಲೋಹದ ವೈಪರ್. ಕಡ್ಡಿ ಬಾಗಿದಷ್ಟು ವೈಪರ್ ಸರಿಯುತ್ತದೆ, ಸರಿದಷ್ಟು ವೋಲ್ಟೇಜು ಬದಲಾಗುತ್ತದೆ, ಚಿಪ್ಪು ಅದನ್ನು ಸಂಖ್ಯೆ ಮಾಡಿ ಯುಎಸ್‌ಬಿ ತಂತಿಗೆ ಹತ್ತಿಸುತ್ತದೆ. ಪಟ್ಟಿಯ ಮೇಲೆ ಧೂಳು ಕೂತರೆ, ಇಂಗಾಲ ಸವೆದರೆ, ವೈಪರ್‌ಗೆ ಒಂದು ಕ್ಷಣ ಕಾಲಡಿ ನೆಲ ಇರುವುದಿಲ್ಲ. ಆ ಕ್ಷಣದಲ್ಲಿ ಚಿಪ್ಪಿಗೆ ತೋಚಿದ್ದೇ ಸಂಖ್ಯೆ. ಎಡ ರೆಕ್ಕೆ ನೆಲಕ್ಕೆ.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಇಂಥ ಪಾಟ್ ಸುಮಾರು 300 ಡಿಗ್ರಿ ತಿರುಗಬಲ್ಲದು. ಜಾಯ್‌ಸ್ಟಿಕ್ ಸಾಮಾನ್ಯವಾಗಿ ಬಳಸುವುದು ಅದರಲ್ಲಿ ಒಂದು ಚೂರನ್ನು. ಮಿಕ್ಕ ಪಟ್ಟಿ ಹೊಸತಾಗಿಯೇ ಕಸದಬುಟ್ಟಿ ಸೇರುತ್ತದೆ. ಬಳಸುವ ಚೂರಿನಲ್ಲೂ ಮೊದಲು ಸವೆಯುವುದು ನಟ್ಟನಡು. ವಿಮಾನ ಹಾರಿಸುವವನ ಕೈ ಬಹುಪಾಲು ಇರುವುದೇ ಅಲ್ಲಿ. ಅಂದರೆ ಎಲ್ಲಿ ನಿಖರತೆ ಬೇಕೋ ಅಲ್ಲೇ ಮೊದಲು ಸಾಯುವ ಯಂತ್ರ. ಹೆಸರು, ನಿಖರ ನಿಯಂತ್ರಣ.

ಇದೆಲ್ಲ ಯಾವ ಊರಲ್ಲಿ ಕೂತು ಅನುಭವಿಸುತ್ತಿದ್ದೇವೆ ನೋಡಿ. ಮುಂದೆ ತೇಜಸ್ ಎಂದು ಹೆಸರಾದ ಲಘು ಯುದ್ಧವಿಮಾನ 2001ರ ಜನವರಿ 4ರಂದು ಮೊದಲ ಸಲ ಮೇಲೆದ್ದದ್ದು ಇದೇ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಅದರಲ್ಲಿ ಪೈಲಟ್‌ನ ಕೈಗೂ ರೆಕ್ಕೆಗೂ ನಡುವೆ ಇರುವುದು ವಿದ್ಯುತ್ ಸಂಕೇತ ಮಾತ್ರ. ಅದಕ್ಕೇ ನಾಲ್ಕು ಚಾನೆಲ್. ಒಂದು ಸುಳ್ಳು ಹೇಳಿದರೆ ಮಿಕ್ಕವು ಅದರ ಬಾಯಿ ಮುಚ್ಚಿಸುತ್ತವೆ. ನಮ್ಮ ಮೇಜಿನ ಮೇಲಿನ ಕಡ್ಡಿಯಲ್ಲಿ ಅಕ್ಷಕ್ಕೆ ಒಂದೇ ಸಾಕ್ಷಿ. ಅದು ಹೇಳಿದ್ದೇ ವೇದವಾಕ್ಯ.

ಆಟದ ಸಾಮಾನಿಗೆ ನಾಲ್ಕು ಚಾನೆಲ್ ಯಾರೂ ಕೇಳುತ್ತಿಲ್ಲ. ಒಂದೇ ಕೊಡಿ, ಸರಿಯಾದ್ದು ಕೊಡಿ. ಕೆಟ್ಟಾಗ ಕೆಟ್ಟಿದೆ ಅನ್ನಿ. ಅಷ್ಟೂ ಆಗುವುದಿಲ್ಲ.

ಎರಡನೆಯವರು ಗ್ರಾಹಕ ಸೇವೆಯವರು. ಕಂಪನಿಯ ಹೆಸರು ಬೇಡ. ಓದುತ್ತಿರುವ ನಿಮಗೂ ಈ ಸಂಭಾಷಣೆ ಬಾಯಿಪಾಠವೇ.

“ಸಾರ್, ಸಿಸ್ಟಮ್ ರೀಸ್ಟಾರ್ಟ್ ಮಾಡಿದ್ರಾ?”

ಮಾಡಿದೆ.

“ಡ್ರೈವರ್ ಅಪ್‌ಡೇಟ್ ಮಾಡಿದ್ರಾ?”

ಯಾವ ಡ್ರೈವರು? ‘ಡ್ರೈವರ್ ಬೇಕಿಲ್ಲ’ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದು ನೀವೇ ತಾನೆ? ಅಚ್ಚಾದದ್ದರಲ್ಲಿ ನಿಜವಾದದ್ದು ಅದೊಂದೇ. ಯುಎಸ್‌ಬಿ ಜಾಯ್‌ಸ್ಟಿಕ್ಕು ಮೌಸು, ಕೀಬೋರ್ಡುಗಳ ಜಾತಿಯದು, ಎಚ್‌ಐಡಿ ಎಂಬ ವರ್ಗ. ಚುಚ್ಚಿದ ಕೂಡಲೇ ತನಗೆಷ್ಟು ಅಕ್ಷ, ಎಷ್ಟು ಗುಂಡಿ ಎಂದು ತಾನೇ ವರದಿ ಒಪ್ಪಿಸುತ್ತದೆ. ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರಿನಲ್ಲೇ ಅದನ್ನು ಓದಿಕೊಳ್ಳುತ್ತದೆ. ಮಾರುವಾಗ ಇಲ್ಲದ ಡ್ರೈವರು ದೂರು ಕೊಟ್ಟಾಗ ಹುಟ್ಟುತ್ತಾನೆ.

“ಬೇರೆ ಪೋರ್ಟಿಗೆ ಹಾಕಿ ನೋಡಿ ಸಾರ್.” ನೋಡಿದೆ. “ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ ಸಾರ್.” ಅದನ್ನೂ ನೋಡಿದೆ. “ಒಂದು ವಿಡಿಯೋ ಮಾಡಿ ಕಳಿಸಿ ಸಾರ್.” ಕಳಿಸಿದೆ. ಕೊನೆಗೆ ಅತಿ ವಿನಯದಿಂದ ತೀರ್ಪು ಬರುತ್ತದೆ. “ಬಹುಶಃ ನೀವು ಹಿಡ್ಕೊಳ್ಳೋ ರೀತಿ ಇರ್ಬೇಕು ಸಾರ್.”

ಅಲ್ಲಿಗೆ ತನಿಖೆ ಮುಗಿಯಿತು. ಆರೋಪಿ ನನ್ನ ಕೈ.

ಮೂರನೆಯವರು ಪಂಡಿತರು. ಪ್ರತಿ ಸ್ನೇಹಿತರ ಗುಂಪಿನಲ್ಲೂ ಒಬ್ಬರಿರುತ್ತಾರೆ. ಮನೆಯಲ್ಲಿ ಲಕ್ಷ ರೂಪಾಯಿಯ ಕಾಕ್‌ಪಿಟ್ ಕಟ್ಟಿಕೊಂಡಿರುತ್ತಾರೆ. ಏನು ತೊಂದರೆ ಎಂದು ಕೇಳುವ ಮೊದಲೇ ಮದ್ದು ಹೇಳಿರುತ್ತಾರೆ. ಕ್ಯಾಲಿಬ್ರೇಟ್ ಮಾಡಿ. ಕಡ್ಡಿಯನ್ನು ನಡುವಿಗೆ ಬಿಡಿ, ನಾಲ್ಕೂ ಮೂಲೆಗೆ ಸುತ್ತಿಸಿ, ಫಿನಿಶ್ ಒತ್ತಿ.

ಒಂದು ಕಾಲಕ್ಕೆ ಇದಕ್ಕೆ ಅರ್ಥವಿತ್ತು. 1981ರ ಐಬಿಎಂ ಪಿಸಿಗೆಂದು ಬಂದ ಗೇಮ್ ಅಡಾಪ್ಟರು ವೋಲ್ಟೇಜನ್ನು ಅಳೆಯುತ್ತಲೇ ಇರಲಿಲ್ಲ. ಪಾಟ್‌ನ ಮೂಲಕ ಒಂದು ಪುಟ್ಟ ಕೆಪಾಸಿಟರ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಪ್ರೊಸೆಸರ್ ಎಣಿಸುತ್ತ ಕೂರಬೇಕಿತ್ತು. ಕಂಪ್ಯೂಟರಿನ ವೇಗ ಬದಲಾದರೆ ಎಣಿಕೆ ಬದಲು, ಬಿಸಿ ಏರಿದರೆ ಎಣಿಕೆ ಬದಲು. ಆದ್ದರಿಂದ ಆಟಗಳೆಲ್ಲ ಮೊದಲು ಕಡ್ಡಿ ಸುತ್ತಿಸಿ ಅನ್ನುತ್ತಿದ್ದವು. ಯುಎಸ್‌ಬಿ ಬಂದು ಕಾಲು ಶತಮಾನ ದಾಟಿತು. ಈಗ ಎಣಿಕೆ ಕಡ್ಡಿಯೊಳಗಿನ ಚಿಪ್ಪಿನಲ್ಲೇ ಮುಗಿದು ಬರುತ್ತದೆ. ರೋಗ ಯಾವುದೇ ಇರಲಿ, ಪಂಡಿತರ ಚೀಟಿ ಮಾತ್ರ 1981ರದ್ದು.

ಸವೆದ ಪಾಟ್‌ಗೆ ಈ ಮದ್ದು ಕುಡಿಸಿದರೆ ಏನಾಗುತ್ತದೆ ಗೊತ್ತೇ? ನೀವು ಕಡ್ಡಿ ಸುತ್ತಿಸುತ್ತಿರುವಾಗಲೇ ಸಂಖ್ಯೆ ಒಮ್ಮೆ ಎಗರುತ್ತದೆ. ವಿಂಡೋಸ್ ಆ ಎಗರಾಟವನ್ನೇ ನಿಮ್ಮ ಗರಿಷ್ಠ ಎಂದು ಬರೆದುಕೊಳ್ಳುತ್ತದೆ. ಆಮೇಲೆ ಕಡ್ಡಿಯನ್ನು ಕೊನೇತನಕ ಎಳೆದರೂ ರೆಕ್ಕೆ ಮುಕ್ಕಾಲು ಬಾಗಿ ನಿಲ್ಲುತ್ತದೆ. ಎಗರಾಟ ಎಲ್ಲೂ ಹೋಗಿಲ್ಲ. ಅದಕ್ಕೀಗ ಸರ್ಕಾರಿ ಮುದ್ರೆ ಬಿದ್ದಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೆಟ್ಟ ಕಡ್ಡಿಗೆ ಕ್ಯಾಲಿಬ್ರೇಶನ್ ಮಾಡುವುದೆಂದರೆ ಆ ನೆಲವನ್ನೇ ಅಗೆದು ಅವಳ ಕಾಲಿಗೆ ತಕ್ಕಂತೆ ಡೊಂಕು ಮಾಡಿಕೊಡುವುದು.

ನಿಜ ಕಾಣುವ ಕಿಟಕಿ ಇಲ್ಲವೇ? ಇದೆ. ಬಚ್ಚಿಟ್ಟಿದ್ದಾರೆ. ರನ್ ಪೆಟ್ಟಿಗೆಯಲ್ಲಿ ‘ಜಾಯ್ ಡಾಟ್ ಸಿಪಿಎಲ್’ ಎಂದು ಬಡಿಯಿರಿ. ಹಳೇ ಕಾಲದ ಬೂದು ಕಿಟಕಿಯೊಂದು ತೆರೆಯುತ್ತದೆ. ಅಲ್ಲಿ ಪ್ರಾಪರ್ಟೀಸ್, ಅದರೊಳಗೆ ಸೆಟ್ಟಿಂಗ್ಸ್, ಅದರೊಳಗೆ ಕ್ಯಾಲಿಬ್ರೇಟ್. ಮುಂದಕ್ಕೆ ಒತ್ತಿಕೊಂಡು ಹೋದರೆ ಒಂದು ಪುಟದಲ್ಲಿ ಬಡಪಾಯಿ ಚೌಕ: ‘ಡಿಸ್‌ಪ್ಲೇ ರಾ ಡೇಟಾ’. ಕಡ್ಡಿ ಕಳಿಸುತ್ತಿರುವ ಹಸಿ ಸಂಖ್ಯೆ ತೋರಿಸುವ ಚೌಕ. ಟಿಕ್ ಹಾಕುವ ಕಷ್ಟ ನಿಮ್ಮದು. ಇಡೀ ಭೂಗೋಳವನ್ನು ಬೀದಿಬೀದಿ ಸಮೇತ ಮೇಜಿನ ಮೇಲೆ ಇಳಿಸುವ 2020ರ ಫ್ಲೈಟ್ ಸಿಮ್ಯುಲೇಟರ್ ಓಡುವುದು ಇದೇ ವಿಂಡೋಸಿನಲ್ಲಿ. ಕಡ್ಡಿಯ ಒಂದು ಸಂಖ್ಯೆ ನೋಡಲು ಈ ಪ್ರದಕ್ಷಿಣೆ.

ಆ ಸಂಖ್ಯೆಯ ಮುಂದೆ ಸುಮ್ಮನೆ ಕೂತರೆ ಸಾಕು. 10 ಬಿಟ್‌ನ ಕಡ್ಡಿಯಾದರೆ 0ಯಿಂದ 1023ರ ತನಕ ಎಣಿಕೆ, ನಡು 512. ಕೈ ಬಿಡಿ. 512, 513, 511, 512. ಇಷ್ಟು ನಡುಕ ಸಹಜ. 512, 512, 890, 512. ಸಿಕ್ಕಿಬಿತ್ತು. ಕಡ್ಡಿಯನ್ನು ತೀರಾ ನಿಧಾನಕ್ಕೆ ಸರಿಸಿ. ಪ್ರತಿ ಸಲವೂ ಅದೇ ಜಾಗದಲ್ಲಿ ಎಗರಿದರೆ ಪಟ್ಟಿಯ ಆ ಜಾಗ ಸವೆದಿದೆ, ಇಲ್ಲವೇ ಅಲ್ಲಿ ಕೊಳೆ ಕೂತಿದೆ. ಒಂದೇ ಅಕ್ಷ ಕುಣಿದರೆ ಆ ಅಕ್ಷದ ಪಾಟ್ ಅಥವಾ ಅದರ ತಂತಿ. ಎಲ್ಲ ಅಕ್ಷವೂ ಒಟ್ಟಿಗೆ ಕುಣಿದರೆ? ಪಾಟ್‌ಗಳೆಲ್ಲ ಸೇರಿ ಸಂಚು ಮಾಡುವುದಿಲ್ಲ. ಎಲ್ಲಕ್ಕೂ ಸೇರಿದ ಗ್ರೌಂಡ್ ತಂತಿ, ಕೇಬಲ್ಲು, ಇಲ್ಲವೇ ಎಂಟು ಸಾಮಾನು ನೇತುಹಾಕಿದ ಅಗ್ಗದ ಹಬ್ಬು. ಇನ್ನು ಸಂಖ್ಯೆ ನೆಟ್ಟಗೆ ನಿಂತಿದ್ದು ವಿಮಾನ ಮಾತ್ರ ಕುಣಿಯುತ್ತಿದ್ದರೆ ಕಡ್ಡಿ ನಿರಪರಾಧಿ. ಆಟದೊಳಗೆ ಹುಡುಕಬೇಕು.

ಇಷ್ಟೇ. ಪಿಯುಸಿ ಹುಡುಗನಿಗೆ ಅರ್ಥವಾಗುವ ವಿಷಯ. ಈ ಸಂಖ್ಯೆಯ ವಿಡಿಯೋ ಮಾಡಿ ಗ್ರಾಹಕ ಸೇವೆಗೆ ಕಳಿಸಿದರೆ ಬಂದ ಉತ್ತರ: “ಸಾರ್, ಇದರಲ್ಲಿ ಜಾಯ್‌ಸ್ಟಿಕ್ ಕಾಣಿಸ್ತಾ ಇಲ್ಲ. ದಯವಿಟ್ಟು ಜಾಯ್‌ಸ್ಟಿಕ್‌ನ ವಿಡಿಯೋ ಕಳಿಸಿ.”

ಪಂಡಿತರು ಮಾತ್ರ ಸೋಲುವವರಲ್ಲ. ಕ್ಯಾಲಿಬ್ರೇಶನ್ ಕೈಕೊಟ್ಟರೆ ಡೆಡ್‌ಝೋನ್ ಇದೆಯಲ್ಲ. ನಡುವಿನ ಆಸುಪಾಸಿನಲ್ಲಿ ಕಡ್ಡಿ ಏನು ಹೇಳಿದರೂ ಕೇಳಿಸಿಕೊಳ್ಳಬೇಡ ಎಂದು ಆಟಕ್ಕೆ ಅಪ್ಪಣೆ. ಸ್ಪ್ರಿಂಗು ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುವುದಿಲ್ಲ, ಅದಕ್ಕಾಗಿ ಶೇಕಡಾ 2 ಇಟ್ಟುಕೊಂಡರೆ ತಪ್ಪಿಲ್ಲ. ಆದರೆ ಸಲಹೆ ಅಲ್ಲಿ ನಿಲ್ಲುವುದಿಲ್ಲ. 5 ಸಾಲಲಿಲ್ಲವೇ, 10 ಮಾಡಿ. 10 ಸಾಲಲಿಲ್ಲವೇ, 20 ಮಾಡಿ. ಅಷ್ಟು ಹೊತ್ತಿಗೆ ವಿಮಾನ ನಿಮ್ಮ ಮಾತು ಕೇಳುವುದನ್ನೇ ಬಿಟ್ಟಿರುತ್ತದೆ. ರನ್‌ವೇ ಹತ್ತಿರ ಬಂದಾಗ ಒಂದು ಸಣ್ಣ ತಿದ್ದುಪಡಿಗೆ ಕಡ್ಡಿ ಸರಿಸುತ್ತೀರಿ. ಏನೂ ಆಗುವುದಿಲ್ಲ. ಇನ್ನಷ್ಟು ಸರಿಸುತ್ತೀರಿ. ಏನೂ ಆಗುವುದಿಲ್ಲ. ಆಮೇಲೆ ಧೊಪ್ಪನೆ ಎಲ್ಲ ಒಟ್ಟಿಗೆ ಆಗುತ್ತದೆ.

ಅಷ್ಟಾದರೂ ರೋಗಕ್ಕೆ ತಾಗಿತೇ? ಲೆಕ್ಕ ಹಾಕಿ. 512ರಿಂದ 890ಕ್ಕೆ ಎಗರುವ ಸಂಖ್ಯೆ ನಡುವಿನಿಂದ ಶೇಕಡಾ 70ಕ್ಕಿಂತ ಹೆಚ್ಚು ಹಾರಿದೆ. ಶೇಕಡಾ 20ರ ಬೇಲಿ ಅದನ್ನು ಎಲ್ಲಿ ತಡೆಯುತ್ತದೆ? ಡೆಡ್‌ಝೋನ್ ಕೊಂದದ್ದು ನಿಮ್ಮ ಕೈಯ ಸೂಕ್ಷ್ಮವನ್ನು. ಕಳ್ಳ ಆರಾಮಾಗಿ ಬೇಲಿ ಹಾರಿ ಓಡಾಡುತ್ತಿದ್ದಾನೆ.

ಪಂಡಿತರು ಅಷ್ಟರಲ್ಲಿ ‘ಪರಿಹಾರವಾಗಿದೆ’ ಎಂದು ಷರಾ ಬರೆದು ಹೋಗಿರುತ್ತಾರೆ.

ಆಟ ತಯಾರಿಸಿದವರ ಔದಾರ್ಯ ಬೇರೆ ತರದ್ದು. ಹೊಸ ಉಪಕರಣ ಚುಚ್ಚಿದರೆ ಸಾಕು, ಕೇಳದೆಯೇ ಅಕ್ಷ ಹಂಚುತ್ತಾರೆ. ಡಿಸಿಎಸ್ ವರ್ಲ್ಡ್ ಆಡುವವರಿಗೆ ಈ ದಾನ ಚೆನ್ನಾಗಿ ಗೊತ್ತು. ಪೆಡಲ್ ಜೋಡಿಸಿದಿರಾ? ರಡ್ಡರ್ ಅದಕ್ಕೂ ಉಂಟು, ಕಡ್ಡಿಯ ತಿರುವಿಗೂ ಉಂಟು. ಮೇಜಿನ ಮೂಲೆಯಲ್ಲಿ ಮರೆತ ಗೇಮ್‌ಪ್ಯಾಡಿಗೂ ಒಂದು ಪಾಲು. ನೀವು ಬಲಕ್ಕೆ ಒತ್ತುತ್ತೀರಿ, ಮೂಲೆಯ ಗೇಮ್‌ಪ್ಯಾಡು ಎಡಕ್ಕೆ ಅನ್ನುತ್ತದೆ. ಬೆಲೆಬಾಳುವ ಜಾಯ್‌ಸ್ಟಿಕ್ಕನ್ನು ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಕಂಟ್ರೋಲ್ಸ್ ಪುಟದಲ್ಲಿ ಯಾವ ಅಕ್ಷಕ್ಕೆ ಎಷ್ಟು ಜನ ಹಕ್ಕುದಾರರಿದ್ದಾರೆ ನೋಡಿ.

ಇನ್ನು ವಿಂಡೋಸಿನ ಪರಿಸರ ಕಾಳಜಿ. ಆಟೋಪೈಲಟ್ ಹಾಕಿ ಕಾಫಿಗೆ ಎದ್ದು ಹೋಗುತ್ತೀರಿ. ಬರುವಷ್ಟರಲ್ಲಿ ಜಾಯ್‌ಸ್ಟಿಕ್ ಮಾಯ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದರೆ ಕಾರಣ ಸಿಗುತ್ತದೆ: ‘ವಿದ್ಯುತ್ ಉಳಿಸಲು ಈ ಉಪಕರಣವನ್ನು ಆರಿಸಲು ಅನುಮತಿಸಿ’. ಟಿಕ್ ಹಾಕಿದ್ದು ನೀವಲ್ಲ. ಒಂದು ಜಾಯ್‌ಸ್ಟಿಕ್ಕು 5 ವೋಲ್ಟಿನಲ್ಲಿ 100 ಮಿಲಿಆಂಪಿಯರ್ ಕುಡಿದರೂ ಅರ್ಧ ವ್ಯಾಟ್. ಪಕ್ಕದಲ್ಲೇ ಆಟ ಬಿಡಿಸುತ್ತಿರುವ ಗ್ರಾಫಿಕ್ಸ್ ಕಾರ್ಡು, ಆರ್‌ಟಿಎಕ್ಸ್ 4090 ಆದರೆ, 450 ವ್ಯಾಟ್‌ವರೆಗೆ ನುಂಗುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ಉಳಿತಾಯವೆಲ್ಲ ಆ ಅರ್ಧ ವ್ಯಾಟಿನ ಬಡವನ ಮೇಲೆ. ಟಿಕ್ ತೆಗೆಯಿರಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಮತ್ತೊಮ್ಮೆ ಹೋಗಿ ನೋಡಿ, ಎಷ್ಟೋ ಸಲ ವಾಪಸ್ ಬಂದಿರುತ್ತದೆ.

ಸರಿ, ತಪ್ಪು ಪಾಟ್‌ನದ್ದೇ ಎಂದು ರುಜುವಾತಾಯಿತು ಅನ್ನಿ. ಬಿಚ್ಚೋಣ ಎಂದರೆ ಸ್ಕ್ರೂ ಮೇಲೆ ಸ್ಟಿಕ್ಕರ್. ಕಿತ್ತರೆ ವಾರಂಟಿ ರದ್ದು. ವಾರಂಟಿ ಇದ್ದಾಗ ಅವರು ಬಿಚ್ಚುವುದಿಲ್ಲ, ನಾವು ಬಿಚ್ಚಿದರೆ ವಾರಂಟಿ ಇರುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಇಂಥ ವಾರಂಟಿ ಬೆದರಿಕೆಗಳ ವಿರುದ್ಧ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ನಮ್ಮಲ್ಲಿ? ನಮ್ಮಲ್ಲಿ ಪೋರ್ಟಲ್ ಬಂತು. 2022ರ ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕ ದಿನ, ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ಉದ್ಘಾಟಿಸಿತು. ಕೃಷಿ ಯಂತ್ರ, ಮೊಬೈಲು ಮತ್ತಿತರ ಎಲೆಕ್ಟ್ರಾನಿಕ್ಸು, ಗೃಹೋಪಯೋಗಿ ವಸ್ತು, ವಾಹನ. ನಾಲ್ಕು ವಿಭಾಗ. ಜಾಯ್‌ಸ್ಟಿಕ್ಕನ್ನು ಯಾವುದಕ್ಕೆ ಸೇರಿಸೋಣ? ಹಿಡಿ ಇದೆ, ಗೇರಿನಂಥ ಥ್ರಾಟಲ್ ಇದೆ. ಟ್ರ್ಯಾಕ್ಟರ್ ಎಂದು ಬರೆಸಿದರೆ ಏನಾದರೂ ಆದೀತೇನೋ.

ಅದನ್ನೆಲ್ಲ ಕಾಯುವಷ್ಟು ಆಯಸ್ಸು ಯಾರಿಗಿದೆ. ವಾರಂಟಿ ಮುಗಿದಿದ್ದರೆ ಸ್ಕ್ರೂ ಬಿಚ್ಚಿ. ಬರೀ ಕೊಳೆಯಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು: ಪ್ಲಾಸ್ಟಿಕ್ ತಿನ್ನದ್ದು, ಎಲೆಕ್ಟ್ರಾನಿಕ್ಸ್‌ಗೆಂದೇ ಮಾಡಿದ್ದು. ಯುಎಸ್‌ಬಿ ಕಿತ್ತು, ಪಾಟ್‌ನ ಸಂದಿಗೆ ಒಂದು ಚೂರು ಬಿಟ್ಟು, ಆಚೆ ಈಚೆ ಚೆನ್ನಾಗಿ ತಿರುಗಿಸಿ, ಒಣಗಲು ಬಿಡಿ. ಬಾಗಿಲ ಕೀಲಿಗೆ ಹೊಡೆಯುವ ತುಕ್ಕಿನ ಎಣ್ಣೆಯನ್ನು ಇದಕ್ಕೂ ಹೊಡೆಯಿರಿ ಎನ್ನುವ ಪಂಡಿತರಿದ್ದಾರೆ. ಮೊದಲ ದಿನ ಅದ್ಭುತವಾಗಿ ಓಡುತ್ತದೆ. ಆಮೇಲೆ ಆ ಜಿಡ್ಡು ಮನೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಇಂಗಾಲವೇ ಸವೆದಿದ್ದರೆ ಯಾವ ಸ್ಪ್ರೇಯೂ ಅದನ್ನು ಬೆಳೆಸಿಕೊಡುವುದಿಲ್ಲ. ಪಾಟ್ ಬದಲಿಸಬೇಕು.

ತಿರುವಿನ ಅಕ್ಷ ಕುಣಿಯುತ್ತಿದ್ದರೆ ಪಾಟ್‌ಗೆ ಕೈ ಹಾಕುವ ಮೊದಲು ಹಿಡಿಯ ಕತ್ತಿನಲ್ಲಿ ನೋಡಿ. ಹಿಡಿಯೊಳಗಿನ ತಂತಿ ಕಟ್ಟೆಲ್ಲ ಆ ಕತ್ತಿನಿಂದಲೇ ಕೆಳಗಿಳಿಯುವುದು. ಪ್ರತಿ ಸಲ ತಿರುಗಿಸಿದಾಗಲೂ ಅಷ್ಟೂ ತಂತಿ ನುಲಿಯುತ್ತದೆ. ಒಂದು ದಿನ ಕೂದಲೆಳೆಯ ತಂತಿಯೊಂದು ರಬ್ಬರಿನೊಳಗೇ ತುಂಡಾಗುತ್ತದೆ. ಹೊರಗಿನಿಂದ ಅಖಂಡ, ಒಳಗೆ ಎರಡು ತುಂಡು. ಬಲಕ್ಕೆ ತಿರುಗಿಸಿದರೆ ಸಂಪರ್ಕ, ಎಡಕ್ಕೆ ತಿರುಗಿಸಿದರೆ ಇಲ್ಲ. ಮಲ್ಟಿಮೀಟರಿನ ಎರಡು ಮುಳ್ಳು ಹಚ್ಚಿ, ಹಿಡಿ ತಿರುಗಿಸುತ್ತ ಬೀಪ್ ಕೇಳಿ. ಬೀಪ್ ನಿಂತಲ್ಲಿ ಕಾಯಿಲೆ.

ಪಾಟ್ ಬೇಕೆಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿದೆ. ಹಳೇ ಪಾಟ್‌ನ ಬೆನ್ನಿನ ಮೇಲೆ ‘ಬಿ10ಕೆ’ ಎಂದಿದ್ದರೆ 10 ಕಿಲೋ ಓಮ್, ಬಿ ಅಂದರೆ ಲೀನಿಯರ್, ತಿರುಗಿದಷ್ಟೇ ಬದಲಾಗುವಂಥದ್ದು. ಕೌಂಟರಿನ ಹುಡುಗ ಡಬ್ಬಿಯಲ್ಲಿ ಕೈಯಾಡಿಸಿ ‘ಎ10ಕೆ’ ತೆಗೆದು ಇಡುತ್ತಾನೆ.

“ಇದು ಎ ಅಲ್ವೇನಪ್ಪಾ?”

“ಎರಡೂ ಒಂದೇ ಸಾರ್.”

ಎರಡೂ ಒಂದಲ್ಲ. ಎ ಆಡಿಯೋ ವಾಲ್ಯೂಮಿನ ಪಾಟ್, ಕಿವಿಗೆ ಹಿತವಾಗಲೆಂದು ಬೇಕೆಂದೇ ಓರೆಯಾಗಿ ಮಾಡಿದ್ದು. ಅದನ್ನು ಹಾಕಿದರೆ ಕಡ್ಡಿ ನಟ್ಟನಡುವೆ ಇದ್ದರೂ ಸಂಖ್ಯೆ ನಡುವಿನಲ್ಲಿರುವುದಿಲ್ಲ. ವಿಮಾನ ಒಂದು ಪಕ್ಕಕ್ಕೆ ತೂಕಡಿಸುತ್ತದೆ, ಇನ್ನೊಂದು ಪಕ್ಕಕ್ಕೆ ಹೌಹಾರುತ್ತದೆ. ಸರಿಯಾದ್ದು ಕೇಳಿ ಪಡೆಯಿರಿ. ನೂರರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ. ಜಾಯ್‌ಸ್ಟಿಕ್ಕನ್ನು ಸಾವಿರಾರು ರೂಪಾಯಿಗೆ ಮಾರಿದ ಕಂಪನಿ ಮಾತ್ರ ಇಷ್ಟು ಅಗ್ಗದ ಬಿಡಿಭಾಗವನ್ನು ಪ್ರತ್ಯೇಕವಾಗಿ ಮಾರುವುದಿಲ್ಲ. ‘ಸ್ಪೇರ್ ಲಭ್ಯವಿಲ್ಲ ಸಾರ್. ಹೊಸ ಮಾಡೆಲ್ ಬಂದಿದೆ.’

ಹೊಸ ಮಾಡೆಲ್ಲಿನ ಡಬ್ಬಿಯ ಮೇಲೆ ಹೊಸ ಮಂತ್ರ, ಹಾಲ್ ಎಫೆಕ್ಟ್. ಎಡ್ವಿನ್ ಹಾಲ್ ಇದನ್ನು ಕಂಡುಹಿಡಿದದ್ದು 1879ರಲ್ಲಿ. ಕಡ್ಡಿಯ ಬುಡದಲ್ಲೊಂದು ಅಯಸ್ಕಾಂತ, ಎದುರಿಗೊಂದು ಸೆನ್ಸರ್. ಉಜ್ಜುವುದಿಲ್ಲ, ಆದ್ದರಿಂದ ಸವೆಯುವುದಿಲ್ಲ. ನಿಜಕ್ಕೂ ಒಳ್ಳೆಯ ಪರಿಹಾರ. ಸೆನ್ಸರ್ ಚಿಪ್ಪೂ ದುಬಾರಿಯಲ್ಲ. ಕೈ ಪಳಗಿದ ಹವ್ಯಾಸಿಗಳು ಹಳೇ ಕಡ್ಡಿಯ ಪಾಟ್ ಕಿತ್ತು ತಾವೇ ಅಳವಡಿಸಿಕೊಳ್ಳುತ್ತಾರೆ. ಮಾರುವವರ ಪಾಲಿಗೆ ಮಾತ್ರ ಇದು ನಿನ್ನೆ ರಾತ್ರಿ ಆಕಾಶದಿಂದ ಇಳಿದ ತಂತ್ರಜ್ಞಾನ. ಬೆಲೆ ಎರಡು ಪಟ್ಟು.

“ಪೂರ್ತಿ ಹಾಲ್ ಸೆನ್ಸರೇನಪ್ಪಾ?”

“ಹೌದು ಸಾರ್, ಬರೆದಿದೆ ನೋಡಿ.”

“ಥ್ರಾಟಲ್?”

“ಅದು ಪಾಟ್ ಸಾರ್.”

“ತಿರುವು?”

“ಅದೂ ಪಾಟೇ ಸಾರ್. ಆದ್ರೆ ಏನೂ ಪ್ರಾಬ್ಲಮ್ ಇಲ್ಲ. ಎಗರಿದ್ರೆ ಡೆಡ್‌ಝೋನ್ ಸ್ವಲ್ಪ ಜಾಸ್ತಿ ಇಟ್ಕೊಳ್ಳಿ.”